ಹೇಳಿದ್ದು, ತಿಳಿದದ್ದು, ಮಾಡಿದ್ದು: ರೋಗಿಗೆ ಅರ್ಥವಾಗುವ ಮಾತಿನ ಅಧ್ಯಯನ ಬೆಳೆದ ಬಗೆ

ವೈದ್ಯರು ಹೇಳಿದ್ದಕ್ಕೂ ರೋಗಿ ತಿಳಿದುಕೊಂಡದ್ದಕ್ಕೂ ನಡುವೆ ಬೀಳುವ ಅಂತರವನ್ನು ಅಳೆಯುವ, ಅದರ ಕಾರಣಗಳನ್ನು ಹುಡುಕುವ, ಅದನ್ನು ಕಿರಿದುಗೊಳಿಸುವ ಉಪಾಯಗಳನ್ನು ಪರೀಕ್ಷಿಸಿ ನೋಡುವ ಅಧ್ಯಯನಕ್ಷೇತ್ರಕ್ಕೆ ಇಂದು ‘ಆರೋಗ್ಯ ಸಾಕ್ಷರತೆ’ ಎಂಬ ಹೆಸರು ನಿಂತಿದೆ. ಹೆಸರು ಅಷ್ಟೇನೂ ಒಪ್ಪುವಂಥದಲ್ಲ. ಸಾಕ್ಷರತೆ ಎಂದೊಡನೆ ಓದುಬರಹ ಬಾರದವನ ಕೊರತೆ ಕಣ್ಣಮುಂದೆ ಬರುತ್ತದೆಯೇ ಹೊರತು, ಅರ್ಥವಾಗದಂತೆ ಬರೆದವನ ಅಥವಾ ಅವಸರದಲ್ಲಿ ಹೇಳಿ ಮುಗಿಸಿದವನ ಕೊರತೆ ಬರುವುದಿಲ್ಲ. 1974ರಲ್ಲಿ ಅಮೆರಿಕದ ಆರೋಗ್ಯ ಶಿಕ್ಷಣತಜ್ಞ ಸ್ಕಾಟ್ ಸೈಮಂಡ್ಸ್ ಈ ಪದವನ್ನು ಬಳಸಿದಾಗ ಅವರ ಮನಸ್ಸಿನಲ್ಲಿದ್ದುದು ಶಾಲೆಯಲ್ಲಿ ಕಲಿಸಬೇಕಾದ ಆರೋಗ್ಯಪಾಠ ಮಾತ್ರ. ಅಲ್ಲಿಂದ ಮುಂದೆ ಪದದ ಅರ್ಥ ಹಿಗ್ಗಿದೆ, ಜಾಗ ಬದಲಿಸಿದೆ. ಮಾತು ತಲುಪದೆ ಹೋದಾಗ ತಪ್ಪು ಯಾರದು ಎಂಬ ಪ್ರಶ್ನೆಗೆ ಒಂದೊಂದು ಕಾಲಘಟ್ಟ ಕೊಟ್ಟ ಒಂದೊಂದು ಉತ್ತರವನ್ನು ಹಿಂಬಾಲಿಸಿದರೆ ಈ ಕ್ಷೇತ್ರದ ಚರಿತ್ರೆಯ ಬಹುಭಾಗ ಸಿಕ್ಕಂತೆಯೇ.

ಆ ಪ್ರಶ್ನೆಯೇ ಹುಟ್ಟದಿದ್ದ ಕಾಲ ಬಹಳ ದೀರ್ಘವಾದದ್ದು. ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವೈದ್ಯಗ್ರಂಥಗಳ ಪೈಕಿ ವೈದ್ಯನ ನಡವಳಿಕೆಯನ್ನು ಕುರಿತ ಒಂದು ಚಿಕ್ಕ ಕೃತಿಯು, ಶುಶ್ರೂಷೆ ನಡೆಯುವಾಗ ಬಹುಪಾಲು ಸಂಗತಿಗಳನ್ನು ರೋಗಿಯಿಂದ ಮರೆಮಾಡಬೇಕೆಂದೂ ಮುಂದೇನಾಗಬಹುದೆಂಬುದನ್ನು ಅವನೆದುರು ಆಡಬಾರದೆಂದೂ ಹೇಳುತ್ತದೆ. ಮೌನವೂ ಮದ್ದಿನ ಒಂದು ಭಾಗ ಎಂಬ ಈ ನಂಬಿಕೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಗಟ್ಟಿಯಾಗಿಯೇ ಇತ್ತು. 1961ರಲ್ಲಿ ಡೊನಾಲ್ಡ್ ಓಕೆನ್ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ ಶೇ. 90ರಷ್ಟು ಮಂದಿ, ಕ್ಯಾನ್ಸರ್ ಆಗಿದೆ ಎಂಬುದನ್ನು ರೋಗಿಗೆ ಹೇಳದಿರುವುದೇ ತಮ್ಮ ಪದ್ಧತಿ ಎಂದು ಉತ್ತರಿಸಿದ್ದರು. 1979ರಲ್ಲಿ ಬೇರೊಂದು ಅಮೆರಿಕನ್ ಆಸ್ಪತ್ರೆಯಲ್ಲಿ ಅದೇ ಪ್ರಶ್ನಾವಳಿಯನ್ನು ಕೊಟ್ಟಾಗ ಶೇ. 97ರಷ್ಟು ಮಂದಿ ಹೇಳುವುದೇ ಸರಿ ಎಂದರು. ಎರಡು ದಶಕಗಳೊಳಗೆ ವೃತ್ತಿಯೊಂದರ ನೀತಿ ಇಷ್ಟು ಪೂರ್ತಿಯಾಗಿ ಮಗುಚಿಕೊಂಡ ನಿದರ್ಶನಗಳು ವಿರಳ. ಆದರೆ ಹೇಳಬೇಕು ಎಂದು ಒಪ್ಪಿಕೊಂಡ ಮೇಲೂ, ಹೇಳಿದ್ದು ತಿಳಿಯಿತೇ ಎಂಬುದು ಉಳಿದೇ ಇತ್ತು.

ಪಂಡಿತರ ಮಾತನ್ನು ಮನೆಮಂದಿಯ ಮಾತಿಗೆ ಇಳಿಸುವ ಪ್ರಯತ್ನಗಳು ಮಾತ್ರ ಇದಕ್ಕೂ ಹಿಂದಿನವು. ಎಡಿನ್‌ಬರೊದಲ್ಲಿ 1769ರಲ್ಲಿ ಪ್ರಕಟವಾದ ವಿಲಿಯಂ ಬುಖನ್‌ರ ಗೃಹವೈದ್ಯದ ಪುಸ್ತಕ, ಮನೆಯಲ್ಲಿ ಓದಬಲ್ಲವನೊಬ್ಬನಿದ್ದರೆ ಸಾಕೆಂಬ ಎಣಿಕೆಯಿಂದ ಬರೆದದ್ದಾಗಿದ್ದು ದಶಕಗಳ ಕಾಲ ಮರುಮುದ್ರಣ ಕಂಡಿತು. ಕನ್ನಡದಲ್ಲಿ ವೈದ್ಯವನ್ನು ದೇಶಭಾಷೆಯಲ್ಲಿ ಬರೆಯುವ ಸಂಪ್ರದಾಯ ಇನ್ನೂ ಹಳೆಯದು. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಸಂಸ್ಕೃತದಲ್ಲಿ ಅಡಗಿದ್ದ ವಿದ್ಯೆಯನ್ನು ಕನ್ನಡಕ್ಕೆ ತಂದ ಗ್ರಂಥಗಳು. ಆದರೂ ಅವು ಮದ್ದು ಕೊಡುವವನನ್ನು ಉದ್ದೇಶಿಸಿದವು, ಮದ್ದು ಕುಡಿಯುವವನನ್ನಲ್ಲ. ವಿಷವೈದ್ಯವನ್ನು ಛಂದಸ್ಸಿನಲ್ಲಿ ಕಟ್ಟಿದವನಿಗೆ ಅದು ವೈದ್ಯನಾಗುವವನ ನೆನಪಿನಲ್ಲಿ ನಿಲ್ಲುವ ಬಗೆ ಗೊತ್ತಿತ್ತೆಂಬುದಂತೂ ಸ್ಪಷ್ಟ. ನೆನಪೇ ಮುಂದೆ ಈ ಕ್ಷೇತ್ರದ ಮೊದಲ ಸಂಶೋಧನಾ ವಸ್ತುವಾಯಿತು.

ಆ ಸಂಶೋಧನೆ 1960ರ ದಶಕದಲ್ಲಿ ಎರಡು ಕಡೆ, ಎರಡು ಬೇರೆ ದಾರಿಗಳಿಂದ ಆರಂಭವಾಯಿತು. ಲಾಸ್ ಏಂಜಲೀಸಿನ ಮಕ್ಕಳ ಆಸ್ಪತ್ರೆಯಲ್ಲಿ ಬಾರ್ಬರಾ ಕೋರ್ಶ್ ಮತ್ತು ಅವರ ಸಂಗಡಿಗರು 800 ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, ಆಮೇಲೆ ತಾಯಂದಿರನ್ನು ಪ್ರತ್ಯೇಕವಾಗಿ ಸಂದರ್ಶಿಸಿ, 1968ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಗುವಿಗೆ ಕಾಯಿಲೆ ಯಾಕೆ ಬಂತು ಎಂಬುದು ಸುಮಾರು ಅರ್ಧದಷ್ಟು ತಾಯಂದಿರಿಗೆ ಆಸ್ಪತ್ರೆ ಬಿಡುವಾಗಲೂ ಬಗೆಹರಿದಿರಲಿಲ್ಲ. ಕಾಲುಭಾಗಕ್ಕೂ ಮಿಕ್ಕಿದವರು ತಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದ ಭಯವನ್ನು ವೈದ್ಯರೆದುರು ಆಡಿಯೇ ಇರಲಿಲ್ಲ, ಏಕೆಂದರೆ ಅದಕ್ಕೆ ಎಡೆ ಸಿಕ್ಕಿರಲಿಲ್ಲ. ಎಡೆ ಏಕೆ ಸಿಗುವುದಿಲ್ಲವೆಂಬುದನ್ನು 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಗಡಿಯಾರ ಹಿಡಿದು ತೋರಿಸಿದರು: ರೋಗಿ ತನ್ನ ತೊಂದರೆಯನ್ನು ಹೇಳತೊಡಗಿದ ಸರಾಸರಿ 18 ಸೆಕೆಂಡುಗಳೊಳಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಇತ್ತ ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಲೇ, ರೋಗಿಗಳು ಕೇಳಿಸಿಕೊಂಡದ್ದರಲ್ಲಿ ಎಷ್ಟನ್ನು ನೆನಪಿಟ್ಟುಕೊಳ್ಳುತ್ತಾರೆಂದು ಪರೀಕ್ಷಿಸಿ, ಹೊರಬಾಗಿಲು ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಮರೆತುಹೋಗಿರುತ್ತದೆಂದು ಕಂಡುಕೊಂಡರು. ಮೊದಲು ಹೇಳಿದ್ದು ಹೆಚ್ಚು ನಿಲ್ಲುತ್ತದೆ. ‘ಈಗ ಕಾಯಿಲೆ ಏನೆಂದು ಹೇಳುತ್ತೇನೆ, ಆಮೇಲೆ ಮದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಹೇಳುತ್ತೇನೆ’ ಎಂದು ವಿಂಗಡಿಸಿ ಹೇಳಿದ್ದು ಇನ್ನೂ ಹೆಚ್ಚು ನಿಲ್ಲುತ್ತದೆ. ‘ತೂಕ ಇಳಿಸಿಕೊಳ್ಳಿ’ ಎಂಬಂಥ ಬೀಸುಮಾತಿಗಿಂತ ಏನು ಮಾಡಬೇಕೆಂದು ಖಚಿತವಾಗಿ ಹೇಳಿದ ಮಾತು ಎಷ್ಟೋ ಪಾಲು ಚೆನ್ನಾಗಿ ನಿಲ್ಲುತ್ತದೆ. ಲೇ ಅವರ ಕೊಡುಗೆಯ ಮಹತ್ವವಿರುವುದು ಈ ಸೂತ್ರಗಳಲ್ಲಿ ಅಷ್ಟಾಗಿ ಅಲ್ಲ. ಅದುವರೆಗೆ ‘ಹೇಳಿದ ಮಾತು ಕೇಳದ ರೋಗಿ’ ಎಂದು ವೈದ್ಯರು ಗೊಣಗುತ್ತಿದ್ದ ವ್ಯಕ್ತಿಯಲ್ಲಿ, ಮಾತು ಕೇಳಬೇಕೆಂದಿದ್ದರೂ ಅದು ನೆನಪಿಗೆ ಬಾರದ ಮನುಷ್ಯನನ್ನು ಅವರು ಕಂಡರು.

ಮಾತಿನಿಂದ ಬರಹಕ್ಕೆ ಬಂದರೆ ಕಥೆ ಬೇರೆ. ಬರಹ ಎಷ್ಟು ಸುಲಭವೆಂಬುದನ್ನು ಲೆಕ್ಕದಿಂದ ಹೇಳುವ ಓದುಸುಲಭತೆಯ ಸೂತ್ರಗಳು ಶಿಕ್ಷಣ ಮತ್ತು ಪತ್ರಿಕೋದ್ಯಮದ ವಲಯದಲ್ಲಿ ಹುಟ್ಟಿ ವೈದ್ಯಕೀಯಕ್ಕೆ ಬಂದವು. ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರವು ವಾಕ್ಯದ ಸರಾಸರಿ ಉದ್ದವನ್ನೂ ಪದದೊಳಗಿನ ಉಚ್ಚಾರಘಟಕಗಳನ್ನೂ ಎಣಿಸುತ್ತದೆ. 1969ರಲ್ಲಿ ಹ್ಯಾರಿ ಮ್ಯಾಕ್‌ಲಾಫ್ಲಿನ್ ರೂಪಿಸಿದ ‘ಸ್ಮಾಗ್’ ಎಂಬ ಸೂತ್ರವು ಮೂರು ಅಥವಾ ಹೆಚ್ಚು ಉಚ್ಚಾರಘಟಕಗಳಿರುವ ಪದಗಳನ್ನು ಕಠಿಣವೆಂದು ಎಣಿಸುತ್ತದೆ. ಆಸ್ಪತ್ರೆಯ ಕರಪತ್ರಗಳನ್ನು ಈ ಅಳತೆಗೆ ಹಿಡಿದಾಗ, ಪ್ರೌಢಶಾಲೆ ಮುಗಿಸಿದವರಿಗೆ ಮಾತ್ರ ಓದಲಾಗುವಂಥ ಬರಹವನ್ನು ಐದನೆಯ ತರಗತಿಯ ಓದಿನವರ ಕೈಗೆ ಕೊಡಲಾಗುತ್ತಿದೆಯೆಂಬುದು ಮತ್ತೆ ಮತ್ತೆ ಬಯಲಾಯಿತು. ಸಿಸಿಲಿಯಾ ಮತ್ತು ಲಿಯೊನಾರ್ಡ್ ಡೋಕ್ ದಂಪತಿಗಳು ಜೇನ್ ರೂಟ್ ಅವರೊಡನೆ ಬರೆದು 1985ರಲ್ಲಿ ಪ್ರಕಟಿಸಿದ, ಕಡಿಮೆ ಓದು ಬಲ್ಲ ರೋಗಿಗಳಿಗೆ ಕಲಿಸುವುದನ್ನು ಕುರಿತ ಪುಸ್ತಕ ಈ ಘಟ್ಟದ ಮುಖ್ಯ ಕೃತಿ. ಅಂಗರಚನೆಯ ಪಾಠದಿಂದ ಶುರುಮಾಡುವುದನ್ನು ಬಿಟ್ಟು, ರೋಗಿ ಮನೆಗೆ ಹೋಗಿ ಏನು ಮಾಡಬೇಕೋ ಅದರಿಂದಲೇ ಕರಪತ್ರವನ್ನು ಆರಂಭಿಸಬೇಕೆಂಬ ಅವರ ಸಲಹೆ ಇಂದಿಗೂ ಹೆಚ್ಚಿನ ಆಸ್ಪತ್ರೆಗಳ ಕಾಗದಗಳಲ್ಲಿ ಪಾಲನೆಯಾಗಿಲ್ಲ.

ಈ ಸೂತ್ರಗಳನ್ನು ಕನ್ನಡಕ್ಕೆ ಹಾಗೆಯೇ ಎತ್ತಿ ತಂದರೆ ಆಗುವ ಅನರ್ಥವನ್ನು ಇಲ್ಲಿಯೇ ಗಮನಿಸಬಹುದು. ವಿಭಕ್ತಿಯೂ ಕ್ರಿಯಾಪ್ರತ್ಯಯಗಳೂ ಪದಕ್ಕೆ ಅಂಟಿಕೊಂಡೇ ಬರುವ ಭಾಷೆಯಲ್ಲಿ ‘ಮನೆಯಲ್ಲಿ’ ಎಂಬುದು ನಾಲ್ಕು ಉಚ್ಚಾರಘಟಕಗಳ ಪದ, ಆದ್ದರಿಂದ ಸೂತ್ರದ ಪ್ರಕಾರ ಕಠಿಣ. ‘ವ್ರಣ’ ಎರಡೇ ಘಟಕಗಳದು, ಆದ್ದರಿಂದ ಸುಲಭ. ಐದು ವರ್ಷದ ಮಗುವೂ ಹೇಳುವ ‘ತಿನ್ನಬೇಕಾಗಿತ್ತು’ ಸೂತ್ರಕ್ಕೆ ಭಯ ಹುಟ್ಟಿಸುತ್ತದೆ, ‘ಅರ್ಬುದ’ ಅದರ ಅರ್ಧದಷ್ಟು ಮಾತ್ರ ಹುಟ್ಟಿಸುತ್ತದೆ. ಕನ್ನಡದಲ್ಲಿ ಕಷ್ಟವಿರುವುದು ಪದದ ಉದ್ದದಲ್ಲಲ್ಲ, ಪದವು ಯಾರ ಬಾಯಿಂದ ಬಂದದ್ದು ಎಂಬುದರಲ್ಲಿ.

ಕ್ಷೇತ್ರದ ಪ್ರಮಾಣಗ್ರಂಥಗಳು ಈ ಹಂತದಿಂದ ನೇರವಾಗಿ ಅಮೆರಿಕದ 1990ರ ದಶಕಕ್ಕೆ ಜಿಗಿಯುತ್ತವೆ. ಹಾಗೆ ಜಿಗಿದರೆ ನಡುವೆ ತಪ್ಪಿಹೋಗುವುದು ಪ್ರಾಯಶಃ ಎಲ್ಲಕ್ಕಿಂತ ದೊಡ್ಡ ಪ್ರಯೋಗ. ಅದು ನಡೆದದ್ದು ಬಾಂಗ್ಲಾದೇಶದಲ್ಲಿ, ಓದುಬರಹ ಬಾರದ ತಾಯಂದಿರ ಅಂಗಳದಲ್ಲಿ. ವಾಂತಿಭೇದಿಯಿಂದ ನೀರೆಲ್ಲ ಬಸಿದುಹೋದ ದೇಹಕ್ಕೆ ಉಪ್ಪು ಮತ್ತು ಸಕ್ಕರೆ ಬೆರೆತ ನೀರನ್ನು ಬಾಯಿಂದಲೇ ಕುಡಿಸಿ ಜೀವ ಉಳಿಸಬಹುದೆಂಬುದನ್ನು 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ತೋರಿಸಿದ್ದರು. 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸ್ ಅದನ್ನೇ ಬಳಸಿ, ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣವನ್ನು ಶೇ. 4ಕ್ಕಿಂತ ಕೆಳಗೆ ಇಳಿಸಿದ್ದರು. ವಿಜ್ಞಾನ ಸಿದ್ಧವಿತ್ತು, ಆದರೆ ಹಳ್ಳಿಹಳ್ಳಿಗೆ ಪೊಟ್ಟಣ ತಲುಪಿಸುವ ವ್ಯವಸ್ಥೆ ಇರಲಿಲ್ಲ. ಫಜ್ಲೆ ಹಸನ್ ಆಬೆದ್ ಸ್ಥಾಪಿಸಿದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಮನೆಯಿಂದ ಮನೆಗೆ ಕಾರ್ಯಕರ್ತೆಯರನ್ನು ಕಳಿಸಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಲಿಸಿತು. ಅಳತೆಯ ಪಾತ್ರೆಯಾಗಿ ಬಳಸಿದ್ದು ತಾಯಿಯ ಕೈಯನ್ನೇ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯವಾದ್ದರಿಂದ ಚಿಟಿಕೆಯೆಂದರೆ ಬೆರಳಿನ ಯಾವ ಗಿಣ್ಣಿನವರೆಗೆ ಎಂಬುದನ್ನೂ ಕಲಿಸಬೇಕಾಗಿತ್ತು.

ಈ ಕಾರ್ಯಕ್ರಮದ ಅತ್ಯಂತ ಸ್ವಾರಸ್ಯಕರ ಅಂಶ ಸಂಬಳದ ಲೆಕ್ಕ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳೆಂಬುದರ ಮೇಲೆ ಅವಳಿಗೆ ಹಣ ಸಲ್ಲುತ್ತಿರಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬ ಪರಿವೀಕ್ಷಕರು ಅದೇ ಊರಿಗೆ ಹೋಗಿ, ಆಯ್ದ ಕೆಲವು ಮನೆಗಳಲ್ಲಿ ತಾಯಿಯನ್ನು ಪ್ರಶ್ನಿಸಿ, ಅವಳ ಕೈಯಲ್ಲೇ ದ್ರಾವಣ ಮಾಡಿಸಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿತ್ತೋ ಅದರ ಮೇಲೆ ಕಲಿಸಿದವಳ ಸಂಬಳ. ಕಲಿತವಳ ತಿಳಿವಳಿಕೆಯನ್ನು ಕಲಿಸಿದವಳ ಹೊಣೆಯಾಗಿಸಿದ ಈ ಏರ್ಪಾಡು, ಪಶ್ಚಿಮದ ಆಸ್ಪತ್ರೆಗಳಲ್ಲಿ ಎರಡು ದಶಕಗಳ ನಂತರ ಹೊಸ ತತ್ತ್ವವೆಂದು ಘೋಷಿತವಾಗಲಿದ್ದುದನ್ನು ಆಗಲೇ ಆಚರಣೆಯಲ್ಲಿ ತಂದಿತ್ತು. ಅದರ ಸೋಲುಗಳೂ ಅಷ್ಟೇ ಪಾಠವುಳ್ಳವು. ತಾಯಂದಿರು ಪಾಠವನ್ನು ಚೆನ್ನಾಗಿ ಒಪ್ಪಿಸುತ್ತಿದ್ದರೂ ಮಗುವಿಗೆ ಭೇದಿಯಾದಾಗ ದ್ರಾವಣವನ್ನು ಬಳಸುತ್ತಿದ್ದವರು ಮೊದಮೊದಲು ಬಹಳ ಕಡಿಮೆ. ಕಾರಣ ಹುಡುಕಿದಾಗ, ಸ್ವತಃ ಕಾರ್ಯಕರ್ತೆಯರಿಗೇ ಉಪ್ಪುಬೆಲ್ಲದ ನೀರಿನ ಮೇಲೆ ನಂಬಿಕೆ ಇರಲಿಲ್ಲವೆಂದೂ, ಮನೆಯ ಗಂಡಸರನ್ನು ಮಾತಿಗೆ ಸೇರಿಸಿಕೊಂಡಿರಲಿಲ್ಲವೆಂದೂ ತಿಳಿಯಿತು. ಇನ್ನೊಂದು ಕಾರಣ ಭಾಷೆಯದು. ಹಳ್ಳಿಯವರ ಮಾತಿನಲ್ಲಿ ಭೇದಿ ಒಂದೇ ಕಾಯಿಲೆಯಾಗಿರಲಿಲ್ಲ. ಹಾಲೂಡುವ ಮಗುವಿನದು ಒಂದು, ಅಜೀರ್ಣದ್ದು ಒಂದು, ‘ಆಮಾಶಾ’ ಒಂದು, ನೀರುನೀರಾಗಿ ಹೋಗುವ ಕಾಲರಾದಂಥದ್ದು ಇನ್ನೊಂದು, ಹೀಗೆ ಬೇರೆ ಬೇರೆ ಹೆಸರುಗಳಿದ್ದವು. ಕಾರ್ಯಕರ್ತೆಯರು ಬಳಸಿದ ‘ಡಾಯರಿಯಾ’ ಎಂಬ ಪದವನ್ನು ತಾಯಂದಿರು ಕೊನೆಯದಕ್ಕೆ ಮಾತ್ರ ಅನ್ವಯಿಸಿಕೊಂಡು, ಉಳಿದವಕ್ಕೆ ದ್ರಾವಣ ಬೇಡವೆಂದು ತಿಳಿದಿದ್ದರು. ಅಜೀರ್ಣ, ಆಮಶಂಕೆ, ಭೇದಿ, ವಾಂತಿಭೇದಿ ಎಂದು ಬೇರೆಬೇರೆಯಾಗಿ ಹೇಳುವ ಕನ್ನಡದ ಮನೆಗಳಿಗೆ ‘ಅತಿಸಾರ ನಿಯಂತ್ರಣ’ ಎಂಬ ತಲೆಬರಹದ ಭಿತ್ತಿಪತ್ರ ಏನನ್ನು ಹೇಳೀತೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

1990ರ ದಶಕದ ಅಮೆರಿಕದಲ್ಲಿ ಕ್ಷೇತ್ರವು ತಿರುಗಿದ್ದು ರೋಗಿಯನ್ನು ಅಳೆಯುವ ಕಡೆಗೆ. ಲೂಯಿಸಿಯಾನಾದ ಟೆರಿ ಡೇವಿಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿಯು 66 ವೈದ್ಯಕೀಯ ಪದಗಳನ್ನು ಗಟ್ಟಿಯಾಗಿ ಓದಬೇಕು; ಸರಿಯಾಗಿ ಉಚ್ಚರಿಸಿದ ಪದಗಳ ಸಂಖ್ಯೆಯೇ ಅಂಕ. 1995ರಲ್ಲಿ ಬಂದ ಇನ್ನೊಂದು ಪರೀಕ್ಷೆ ಆಸ್ಪತ್ರೆಯ ನಿಜವಾದ ಕಾಗದಗಳಿಂದ ಅಲ್ಲಲ್ಲಿ ಪದಗಳನ್ನು ತೆಗೆದು, ಬಿಟ್ಟ ಸ್ಥಳ ತುಂಬಿಸುತ್ತಿತ್ತು. ಅದೇ ವರ್ಷ ಅಟ್ಲಾಂಟಾ ಮತ್ತು ಲಾಸ್ ಏಂಜಲೀಸಿನ ಎರಡು ಸಾರ್ವಜನಿಕ ಆಸ್ಪತ್ರೆಗಳ 2,659 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾದಾಗ, ‘ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ’ ಎಂಬ ಸೂಚನೆಯೇ ಶೇ. 41.6ರಷ್ಟು ಮಂದಿಗೆ ಅರ್ಥವಾಗಿರಲಿಲ್ಲವೆಂಬ ಅಂಕಿ ವೈದ್ಯವಲಯವನ್ನು ಬೆಚ್ಚಿಬೀಳಿಸಿತು. ಈ ಅಂಕಿಗಳಿಲ್ಲದಿದ್ದರೆ ಸರ್ಕಾರಗಳು ಕಣ್ಣು ತೆರೆಯುತ್ತಿರಲಿಲ್ಲವೆಂಬುದು ನಿಜ. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥಾನ ಪ್ರಕಟಿಸಿದ ವರದಿ, ದೇಶದ ಸುಮಾರು 9 ಕೋಟಿ ವಯಸ್ಕರಿಗೆ ಆರೋಗ್ಯ ಮಾಹಿತಿಯನ್ನು ಅರ್ಥ ಮಾಡಿಕೊಂಡು ಬಳಸುವುದು ಕಷ್ಟವಾಗುತ್ತಿದೆ ಎಂದು ಸಾರಿದ್ದು ಇಂಥ ಅಧ್ಯಯನಗಳ ಬಲದಿಂದಲೇ. ಆದರೆ ಅಳತೆಗೋಲಿಗೆ ತನ್ನದೇ ಆದ ಕ್ರೌರ್ಯವೂ ಇತ್ತು. 1996ರ ಒಂದು ಅಧ್ಯಯನದಲ್ಲಿ, ಓದಲು ತೊಡಕಾಗುತ್ತದೆಂದು ಒಪ್ಪಿಕೊಂಡ ರೋಗಿಗಳ ಪೈಕಿ ಮೂರರಲ್ಲಿ ಎರಡು ಪಾಲು ಜನ ಆ ಸಂಗತಿಯನ್ನು ಕಟ್ಟಿಕೊಂಡ ಹೆಂಡತಿಗೆ ಅಥವಾ ಗಂಡನಿಗೂ ಹೇಳಿರಲಿಲ್ಲ. ‘ಕನ್ನಡಕ ಮನೆಯಲ್ಲೇ ಉಳಿಯಿತು’ ಎಂಬ ನೆಪದ ಹಿಂದೆ ಬದುಕಿದವರನ್ನು ಆಸ್ಪತ್ರೆಯ ಬಾಗಿಲಲ್ಲಿ ಓದಿನ ಪರೀಕ್ಷೆಗೆ ನಿಲ್ಲಿಸುವುದು ಚಿಕಿತ್ಸೆಯ ಆರಂಭಕ್ಕೆ ತಕ್ಕ ಕ್ರಮವಲ್ಲವೆಂಬ ಅರಿವು ಬರಲು ಇನ್ನೊಂದು ದಶಕ ಬೇಕಾಯಿತು.

ಉಚ್ಚಾರದ ಪರೀಕ್ಷೆ ಭಾಷೆ ದಾಟಲಾರದೆಂಬುದು ಮೊದಲು ಗೊತ್ತಾದದ್ದು ಸ್ಪ್ಯಾನಿಷ್ ಭಾಷಿಕರ ನಡುವೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೂ ಧ್ವನಿಗೂ ಹೊಂದಾಣಿಕೆ ಕಡಿಮೆಯಾದ್ದರಿಂದ ಪದ ಪರಿಚಿತವಲ್ಲದವನು ಎಡವುತ್ತಾನೆ; ಸ್ಪ್ಯಾನಿಷಿನಲ್ಲಿ ಅಕ್ಷರ ಬಲ್ಲವನು ಅರ್ಥ ತಿಳಿಯದ ಪದವನ್ನೂ ನಿರರ್ಗಳವಾಗಿ ಓದಿಬಿಡುತ್ತಾನೆ. ಆದ್ದರಿಂದ 2006ರಲ್ಲಿ ಸ್ಪ್ಯಾನಿಷಿಗಾಗಿ ರೂಪಿಸಿದ ಪರೀಕ್ಷೆಯಲ್ಲಿ ಪ್ರತಿ ಪದವನ್ನು ಓದಿದ ಮೇಲೆ ಅದಕ್ಕೆ ಸಂಬಂಧಿಸಿದ ಇನ್ನೊಂದು ಪದವನ್ನು ಗುರುತಿಸುವ ಹಂತವನ್ನು ಸೇರಿಸಬೇಕಾಯಿತು. ಕನ್ನಡದ ಸ್ಥಿತಿ ಸ್ಪ್ಯಾನಿಷಿನದೇ. ಐದನೆಯ ತರಗತಿ ಓದಿದವರು ‘ಮೇದೋಜೀರಕ ಗ್ರಂಥಿ’ಯನ್ನು ಒಂದೂ ತಪ್ಪಿಲ್ಲದೆ ಓದಿ, ಅದು ದೇಹದೊಳಗಿದೆಯೋ ಅಂಗಡಿಯಲ್ಲಿ ಸಿಗುವ ಜೀರಿಗೆಯೋ ಎಂದು ಯೋಚಿಸುತ್ತ ಕೂರಬಹುದು.

ಓದುವುದು ಒಂದು, ತಿಳಿಯುವುದು ಇನ್ನೊಂದು, ಮಾಡುವುದು ಮತ್ತೊಂದು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಡೇವಿಸ್ ಮತ್ತು ಸಂಗಡಿಗರೇ 2006ರಲ್ಲಿ ಪ್ರಕಟಿಸಿದ ಅಧ್ಯಯನ. 395 ರೋಗಿಗಳಿಗೆ ಔಷಧಿ ಬಾಟಲಿಯ ಚೀಟಿಗಳನ್ನು ತೋರಿಸಿ ಕೇಳಲಾಯಿತು. ‘ದಿನಕ್ಕೆ ಎರಡು ಬಾರಿ ಎರಡೆರಡು ಮಾತ್ರೆ’ ಎಂಬ ಚೀಟಿಯನ್ನು ಕಡಿಮೆ ಓದಿನ ರೋಗಿಗಳಲ್ಲಿ ಶೇ. 70.7ರಷ್ಟು ಮಂದಿ ಸರಿಯಾಗಿ ಹೇಳಿದರು. ಆದರೆ ಒಂದು ದಿನಕ್ಕೆ ಎಷ್ಟು ಮಾತ್ರೆಗಳೆಂದು ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಶೇ. 34.7 ಮಾತ್ರ. ಬಾಯಿಪಾಠ ಒಪ್ಪಿಸಿದವರಲ್ಲಿ ಅರ್ಧದಷ್ಟು ಜನ ಕೈಯಲ್ಲಿ ಸೋತರು. ‘ತಿಳಿಯಿತೇ?’ ಎಂಬ ಪ್ರಶ್ನೆ ಏಕೆ ನಿಷ್ಪ್ರಯೋಜಕವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಇದಕ್ಕೆ ಪರಿಹಾರವಾಗಿ ಬೆಳೆದದ್ದು ಮರುಹೇಳಿಸುವ ವಿಧಾನ: ಕೇಳಿಸಿಕೊಂಡದ್ದನ್ನು ರೋಗಿ ತನ್ನದೇ ಮಾತಿನಲ್ಲಿ ತಿರುಗಿ ಹೇಳುವಂತೆ, ಅಥವಾ ಮಾಡಿ ತೋರಿಸುವಂತೆ ಕೇಳುವುದು, ತಪ್ಪಿದ್ದರೆ ಬೇರೆ ರೀತಿಯಲ್ಲಿ ಹೇಳಿ ಮತ್ತೆ ಕೇಳುವುದು. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯಲ್ಲಿ ಡೀನ್ ಶಿಲಿಂಜರ್ ಮತ್ತು ಸಂಗಡಿಗರು 74 ಮಧುಮೇಹಿಗಳ ಭೇಟಿಗಳನ್ನು ಧ್ವನಿಮುದ್ರಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ಭೇಟಿಗಳಲ್ಲಿ ಒಂದರಲ್ಲಿ ಮಾತ್ರ ವೈದ್ಯರು ಹೀಗೆ ಕೇಳಿ ನೋಡಿದ್ದರು. ಯಾರ ವೈದ್ಯರು ಕೇಳಿದ್ದರೋ ಅವರ ಸಕ್ಕರೆಯ ಮಟ್ಟ ಹತೋಟಿಯಲ್ಲಿರುವ ಸಾಧ್ಯತೆ ಹೆಚ್ಚಾಗಿತ್ತು, ಭೇಟಿಯ ಅವಧಿ ಗಮನಾರ್ಹವಾಗಿ ಉದ್ದವಾಗಿರಲಿಲ್ಲ. ಕರ್ನಾಟಕದ ಹೊರರೋಗಿ ವಿಭಾಗದಲ್ಲಿ ಈ ವಿಧಾನಕ್ಕಿರುವ ಅಡ್ಡಿ ಸಮಯಕ್ಕಿಂತ ಸಂಕೋಚದ್ದು. ‘ಗೊತ್ತಾಯ್ತೇನಮ್ಮ?’ ಎಂದರೆ ‘ಹ್ಞೂಂ ಸಾರ್’ ಎನ್ನುವುದು ಮರ್ಯಾದೆ, ಉತ್ತರವಲ್ಲ. ‘ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೋಬೇಕು ಅಂತ ಸೊಸೆ ಕೇಳಿದರೆ ಏನು ಹೇಳ್ತೀರಿ?’ ಎಂದು ಕೇಳಿದಾಗ ಪರೀಕ್ಷೆಯ ವಾಸನೆ ಹೋಗಿ ನಿಜವಾದ ಉತ್ತರ ಬರುತ್ತದೆ.

ಅಂಕಿಗಳ ವಿಷಯ ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಇಲ್ಲಿ ಒಂದೇ ನಿದರ್ಶನ ಸಾಕು. 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆಂದು ಎಚ್ಚರಿಸಿತು. ಇಮ್ಮಡಿಯೆಂದರೆ 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದುದು ಇಬ್ಬರಿಗೆ ಆಗುವುದೆಂದು ಯಾರೂ ಬಿಡಿಸಿ ಹೇಳಲಿಲ್ಲ. ಹೆದರಿ ಮಾತ್ರೆ ಬಿಟ್ಟವರಿಂದಾಗಿ ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಿದವೆಂದು ಅಂದಾಜು ಮಾಡಲಾಗಿದೆ. ಜರ್ಮನಿಯ ಗೆರ್ಡ್ ಗಿಗರೆಂಜರ್ ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತಿ, ಶೇಕಡಾವಾರು ಹೆಚ್ಚಳಕ್ಕಿಂತ ‘ಇಷ್ಟು ಜನರಲ್ಲಿ ಇಷ್ಟು ಮಂದಿಗೆ’ ಎಂಬ ತಲೆಯೆಣಿಕೆ ಎಲ್ಲರಿಗೂ, ವೈದ್ಯರಿಗೂ, ಸುಲಭವಾಗಿ ಅರ್ಥವಾಗುತ್ತದೆಂದು ವಾದಿಸಿದ್ದಾರೆ. ಯುರೋಪಿನಲ್ಲಿ ಔಷಧಿ ಪೊಟ್ಟಣದೊಳಗಿನ ಮಾಹಿತಿಪತ್ರ 1992ರ ನಿರ್ದೇಶನದಿಂದ ಕಡ್ಡಾಯವಾಯಿತು; 2004ರ ನಿರ್ದೇಶನದ ನಂತರ ಆ ಪತ್ರವನ್ನು ಸಾಮಾನ್ಯ ಓದುಗರ ಕೈಗೆ ಕೊಟ್ಟು, ಬೇಕಾದ ಸಂಗತಿಯನ್ನು ಅವರು ಹುಡುಕಿ ತೆಗೆದು ತಮ್ಮ ಮಾತಿನಲ್ಲಿ ಹೇಳಬಲ್ಲರೇ ಎಂದು ಪರೀಕ್ಷಿಸಿದ ಮೇಲೆಯೇ ಔಷಧಕ್ಕೆ ಅನುಮತಿ ಸಿಗುವ ಪದ್ಧತಿ ಬಂತು. ಓದುಗನ ಬದಲು ಕಾಗದವನ್ನು ಪರೀಕ್ಷೆಗೆ ಕೂರಿಸಿದ ಈ ನಿಯಮ ಚಿಕ್ಕದಾಗಿ ಕಂಡರೂ ಕ್ಷೇತ್ರದ ದಿಕ್ಕನ್ನು ತಿರುಗಿಸಿತು.

ಕಾನೂನಿನ ದಾರಿ ಇದಕ್ಕೆ ಸಮಾನಾಂತರವಾಗಿ ನಡೆದಿದೆ. ಮಾಹಿತಿ ಪಡೆದು ಕೊಡುವ ಸಮ್ಮತಿ ಎಂಬ ಕಲ್ಪನೆ ಅಮೆರಿಕದ ನ್ಯಾಯಾಲಯಗಳಲ್ಲಿ 1957ರ ಹೊತ್ತಿಗೆ ಆ ಹೆಸರಿನಿಂದ ಕಾಣಿಸಿಕೊಂಡು, 1972ರ ಒಂದು ತೀರ್ಪಿನಲ್ಲಿ ರೋಗಿಗೆ ಏನು ತಿಳಿಯಬೇಕೆಂಬುದನ್ನು ರೋಗಿಯ ದೃಷ್ಟಿಯಿಂದಲೇ ಅಳೆಯಬೇಕೆಂಬ ನಿಲುವಾಗಿ ಗಟ್ಟಿಗೊಂಡಿತು. ಭಾರತದ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪು, ತಪಾಸಣೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ಹಿಗ್ಗಿಸಲಾಗದೆಂದೂ, ಪ್ರಜ್ಞೆ ತಪ್ಪಿಸಲಾಗಿರುವ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದೂ ಸ್ಪಷ್ಟಪಡಿಸಿತು. ಆದರೆ ಎಷ್ಟು ಮಾಹಿತಿ ಕೊಡಬೇಕೆಂಬ ಪ್ರಶ್ನೆ ಬಂದಾಗ, ದೇಶದ ಬಡತನ, ಅನಕ್ಷರತೆ, ವೈದ್ಯರ ಮೇಲೆ ಜನ ಇಟ್ಟಿರುವ ನಂಬಿಕೆ ಇವನ್ನೆಲ್ಲ ಪರಿಗಣಿಸಿ, ಅಮೆರಿಕದ ಕಠಿಣ ಅಳತೆಯ ಬದಲು ವೃತ್ತಿಯಲ್ಲಿ ರೂಢಿಯಾಗಿರುವಷ್ಟು ಮಾಹಿತಿ ಸಾಕೆಂಬ ಬ್ರಿಟಿಷ್ ಅಳತೆಯನ್ನು ಆರಿಸಿಕೊಂಡಿತು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಆ ಅಳತೆಯನ್ನೇ ಕೈಬಿಟ್ಟಿದೆ. ಓದು ಬಾರದವನಿಗೆ ಹೆಚ್ಚು ಬಿಡಿಸಿ ಹೇಳಬೇಕಾದದ್ದು ನ್ಯಾಯ. ಅನಕ್ಷರತೆಯೇ ಕಡಿಮೆ ಹೇಳುವುದಕ್ಕೆ ಆಧಾರವಾದದ್ದು ಈ ತರ್ಕದ ದುರ್ಬಲ ಕೊಂಡಿ.

ಕನ್ನಡದಲ್ಲಿ ಈ ಕೆಲಸ ಶಾಸ್ತ್ರವಾಗಿ ಬೆಳೆಯುವ ಮೊದಲೇ ಸಾಹಿತ್ಯವಾಗಿ ಬೆಳೆಯಿತು. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ವೈದ್ಯ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅನುಪಮಾ ನಿರಂಜನ ಅವರ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯಗಳನ್ನು ಹೆಣ್ಣುಮಕ್ಕಳಿಗೆ ನೇರವಾಗಿ ಹೇಳಿದವು, ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಸಣ್ಣ ಪುಸ್ತಕಗಳ ದೊಡ್ಡ ಸಾಲನ್ನೇ ಕೊಟ್ಟರು. ಡಿ. ಎಸ್. ಶಿವಪ್ಪನವರ ‘ವೈದ್ಯಕೀಯ ಪದಗಳ ಹುಟ್ಟು ರಚನೆ’ ಪರಿಭಾಷೆಯ ಬೇರನ್ನು ಹುಡುಕಿತು. ಈ ಲೇಖಕರ ಕನ್ನಡಕ್ಕೂ ಇಲಾಖೆಗಳ ಕನ್ನಡಕ್ಕೂ ಇರುವ ದೂರವೇ ಇಲ್ಲಿನ ಸಮಸ್ಯೆಯನ್ನು ಹೇಳುತ್ತದೆ. ಇಂಗ್ಲಿಷಿನಿಂದ ಅನುವಾದವಾಗಿ ಬರುವ ಸಮ್ಮತಿಪತ್ರದಲ್ಲಿ ‘ಅಧಿಕ ರಕ್ತದೊತ್ತಡ’ ಇರುತ್ತದೆ, ರೋಗಿಯ ಬಾಯಲ್ಲಿ ‘ಬಿಪಿ’ ಇರುತ್ತದೆ. ಅಲ್ಲಿ ‘ಮಧುಮೇಹ’, ಇಲ್ಲಿ ‘ಸಕ್ಕರೆ ಕಾಯಿಲೆ’ ಅಥವಾ ‘ಶುಗರ್’. ಅಲ್ಲಿ ‘ಕ್ಷಯ’, ಇಲ್ಲಿ ‘ಟಿಬಿ’. ಇಂಗ್ಲಿಷ್ ಪದ ಇದ್ದ ಮಾತ್ರಕ್ಕೆ ಕಷ್ಟ, ಕನ್ನಡ ಪದ ಇದ್ದ ಮಾತ್ರಕ್ಕೆ ಸುಲಭ ಎಂಬ ಲೆಕ್ಕ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಹಾಗೆಂದು ಬಳಕೆಯ ಪದವೆಲ್ಲ ನಂಬಿಕೆಗೆ ಅರ್ಹವೂ ಅಲ್ಲ. ‘ಪಾಸಿಟಿವ್’ ಬಂತೆಂದರೆ ಒಳ್ಳೆಯದಾಯಿತೆಂದು ತಿಳಿದವರನ್ನು ಕೋವಿಡ್ ಕಾಲ ಸಾಕಷ್ಟು ಕಂಡಿತು. ‘ಖಾಲಿ ಹೊಟ್ಟೆ’ ಎಂದಾಗ ಬೆಳಗಿನ ಕಾಫಿ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಎಷ್ಟೋ ಮನೆಗಳ ತಿಳಿವಳಿಕೆ, ಏಕೆಂದರೆ ಕಾಫಿ ತಿಂಡಿಯಲ್ಲ. ‘ಊಟಕ್ಕೆ ಮೊದಲು, ದಿನಕ್ಕೆ ಮೂರು ಬಾರಿ’ ಎಂಬ ಸೂಚನೆ, ಬೆಳಿಗ್ಗೆ ಮುದ್ದೆ ಉಂಡು ಹೊಲಕ್ಕೆ ಹೋಗಿ ರಾತ್ರಿ ಇನ್ನೊಂದು ಬಾರಿ ಉಣ್ಣುವವರ ದಿನಚರಿಯಲ್ಲಿ ಕೂರುವುದೇ ಇಲ್ಲ.

ಆಡಳಿತದ ಕಡೆಯಿಂದ ಕೆಲವು ಹೆಜ್ಜೆಗಳು ಬಿದ್ದಿವೆ. ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮವನ್ನು ತಿದ್ದಿ, ಔಷಧಿಗಳ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕೆಂದು ಸೂಚಿಸಿತು. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳು ಮೊದಲ ವರ್ಷದಿಂದಲೇ ಸೇರಿವೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ, ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಸರ್ಕಾರವನ್ನು ಕೋರಿದರು. ಲಿಪಿ ಬದಲಾದರೆ ಔಷಧಿಯ ಹೆಸರು ಗೊಂದಲಕ್ಕೆ ಈಡಾದೀತೆಂಬ ಆತಂಕ ಹುಸಿಯಲ್ಲ. ಆದರೆ ಔಷಧಿಯ ಹೆಸರು ಅಂಗಡಿಯವನಿಗೆ, ತೆಗೆದುಕೊಳ್ಳುವ ಬಗೆ ರೋಗಿಗೆ ಎಂದು ಚೀಟಿಯನ್ನು ಎರಡು ಭಾಗವಾಗಿ ಕಂಡರೆ ಈ ವಾದದ ಬಿಸಿ ಬಹಳಷ್ಟು ಇಳಿಯುತ್ತದೆ. ಇತರೆಡೆ ಕ್ಷೇತ್ರವು ಈಗ ಬಂದು ನಿಂತಿರುವ ನೆಲೆ ಇನ್ನೂ ಮುಂದಿನದು. 2010ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಕೈಪಿಡಿಯೊಂದು, ರಕ್ತದಿಂದ ಸೋಂಕು ತಗಲಬಹುದೆಂದು ಎಲ್ಲ ರೋಗಿಗಳ ವಿಷಯದಲ್ಲೂ ಕೈಗವಸು ತೊಡುವಂತೆ, ಎಲ್ಲರಿಗೂ ಅರ್ಥವಾಗದಿರಬಹುದೆಂದು ಭಾವಿಸಿಯೇ ಎಲ್ಲರೊಡನೆ ಸರಳವಾಗಿ ಮಾತನಾಡಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. 2020ರಲ್ಲಿ ಅಮೆರಿಕ ಸರ್ಕಾರ ಮುಂದಿನ ದಶಕದ ಆರೋಗ್ಯ ಗುರಿಗಳನ್ನು ಪ್ರಕಟಿಸಿದಾಗ ಆರೋಗ್ಯ ಸಾಕ್ಷರತೆಗೆ ಎರಡು ವ್ಯಾಖ್ಯೆಗಳನ್ನು ಕೊಟ್ಟಿತು; ಒಂದು ವ್ಯಕ್ತಿಯದು, ಇನ್ನೊಂದು ಸಂಸ್ಥೆಯದು. ಆಸ್ಪತ್ರೆಯೂ ಅನಕ್ಷರಸ್ಥವಾಗಿರಬಹುದೆಂದು ವ್ಯಾಖ್ಯೆಯೇ ಒಪ್ಪಿಕೊಂಡಂತಾಯಿತು.

ಕರ್ನಾಟಕದ ಬಹುಪಾಲು ರೋಗಿಗಳ ಕೈ ಸೇರುವ ನಿಜವಾದ ಮಾಹಿತಿಪತ್ರ ಆಸ್ಪತ್ರೆಯಲ್ಲಿ ತಯಾರಾಗುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಮಾತ್ರೆಯ ಹಾಳೆಯನ್ನು ಬೇಕಾದಷ್ಟಕ್ಕೆ ಕತ್ತರಿಸುವಾಗ ಒಳಗಿನ ಮುದ್ರಿತ ಪತ್ರ ಡಬ್ಬದಲ್ಲೇ ಉಳಿಯುತ್ತದೆ, ಎಷ್ಟೋ ಸಲ ಅವಧಿ ಮುಗಿಯುವ ದಿನಾಂಕವೂ ಕತ್ತರಿಯ ಆಚೆ ಬದಿಯಲ್ಲಿ ಉಳಿಯುತ್ತದೆ. ರೋಗಿಗೆ ಸಿಗುವುದು ಒಂದು ಸಣ್ಣ ಕಾಗದದ ಕವರು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ 1-0-1. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದನ್ನು ಯಾವ ಭಾಷೆಯ ಹಂಗೂ ಇಲ್ಲದೆ ಹೇಳುವ ಈ ಬರಹ ಯಾವ ತಜ್ಞ ಸಮಿತಿಯೂ ರೂಪಿಸಿದಂತೆ ಕಾಣದಿದ್ದರೂ, ಸೂಚನೆಯನ್ನು ಬಾರಿಗಳ ಬದಲು ಹೊತ್ತುಗಳಿಗೆ ಕಟ್ಟುವ ಅದರ ಉಪಾಯ ಡೇವಿಸ್‌ರ ರೋಗಿಗಳು ಎಡವಿದ ಜಾಗವನ್ನೇ ದಾಟಿಸುತ್ತದೆ. ನಡುವಿನ ಸೊನ್ನೆಯನ್ನು ಗಮನಿಸದೆ ಅದನ್ನು ನೂರಾ ಒಂದು ಎಂದು ಓದುವವರಿಗಾಗಿ ಕೆಲವು ಅಂಗಡಿಯವರು ಅಂಕಿಯ ಜೊತೆಗೆ ಒಂದು ಸೂರ್ಯನನ್ನೂ ಒಂದು ಅರೆಚಂದ್ರನನ್ನೂ ಬರೆದು ಕೊಡುತ್ತಾರೆ.